ಮಂಗಟ್ಟೆಯ ಕೊಂಬಿಗೆ ಮೂರು ಸೆಂಟಿಮೀಟರ್

ಕಾಗದ ಮಡಿಸುವ ಹವ್ಯಾಸಕ್ಕೆ ಕ್ಯಾಸಲ್‌ರಾಕ್‌ನಷ್ಟು ಕೆಟ್ಟ ಊರು ಕರ್ನಾಟಕದಲ್ಲಿ ಇನ್ನೊಂದು ಇರಲಾರದು. ಆಗುಂಬೆಯವರು ಈ ಮಾತಿಗೆ ಜಗಳ ತೆಗೆಯಬಹುದು, ತೆಗೆಯಲಿ. ಜೂನ್‌ನಲ್ಲಿ ಇಲ್ಲಿ ಮಳೆ ಹಿಡಿಯಿತೆಂದರೆ ಗೋಡೆ, ಹಾಸಿಗೆ, ಉಪ್ಪಿನ ಡಬ್ಬಿ, ಬೆಂಕಿಪೊಟ್ಟಣ ಎಲ್ಲವೂ ಒಂದೇ ಹದಕ್ಕೆ ಬರುತ್ತವೆ. ಹಾಳೆಯ ಗತಿಯೂ ಅದೇ. ಬೇಸಿಗೆಯಲ್ಲಿ ಉಗುರಿನಿಂದ ಒಮ್ಮೆ ತೀಡಿದರೆ ಗಟ್ಟಿಯಾಗಿ ಕೂರುತ್ತಿದ್ದ ಗೆರೆ ಆಷಾಢದಲ್ಲಿ ಮೆಲ್ಲಗೆ ಬಾಯಿ ಬಿಡುತ್ತದೆ. ಬೆಳಿಗ್ಗೆ ಕತ್ತು ನೆಟ್ಟಗಿಟ್ಟು ನಿಂತಿದ್ದ ಕಾಗದದ ಕೊಕ್ಕರೆ ಸಂಜೆಯ ಗಾಡಿ ಬರುವ ಹೊತ್ತಿಗೆ ಕಾಲ್ಚೀಲದಂತೆ ಮುದುಡಿ ಬಿದ್ದಿರುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ಕುಡಿದ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಊದಿಕೊಳ್ಳುತ್ತದೆ. ಅಂದರೆ ಮೇ ತಿಂಗಳಲ್ಲಿ ಅಳೆದು ಕತ್ತರಿಸಿಟ್ಟ ಚೌಕ ಜುಲೈ ತಿಂಗಳಲ್ಲಿ ಲೆಕ್ಕದ ಪ್ರಕಾರ ಚೌಕವೇ ಅಲ್ಲ; ಒಂದು ಬದಿ ಕೂದಲೆಳೆಯಷ್ಟು ಹೆಚ್ಚಾಗಿರುತ್ತದೆ. ಕರ್ಣದ ಮೇಲೆ ಮಡಿಸಿದಾಗ ಮೂಲೆಗೆ ಮೂಲೆ ಕೂಡದೆ ಬಿಳಿ ಅಂಚು ಇಣುಕಿದರೆ ನನ್ನ ಶಾಲೆಯ ಮಕ್ಕಳು ಈಗ ಮಡಿಸಿದವರನ್ನು ಬೈಯುವುದಿಲ್ಲ, ಮಳೆಯನ್ನು ಬೈಯುತ್ತಾರೆ. ಗಣಿತದ ಮೇಷ್ಟರಿಗೆ ಇಂಥ ಮಕ್ಕಳು ಸಿಗುವುದು ಪುಣ್ಯ.

ಕಾಗದವೇನೋ ದೂರದ್ದಲ್ಲ. ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಇದೆ. ಕಂಪನಿ ಹುಟ್ಟಿದ್ದು 1955ರಲ್ಲಿ. ಸುತ್ತಲಿನ ಕಾಡಿನ ಬಿದಿರನ್ನು ನಂಬಿಕೊಂಡೇ ಶುರುವಾದ ಕಾರ್ಖಾನೆ ಅದು. ಆ ಬಿದಿರು ಎಷ್ಟು ಉಳಿದಿದೆ, ಎಷ್ಟು ಸೋವಿಯಾಗಿ ಹೋಗುತ್ತಿದೆ ಎಂಬುದನ್ನು 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ಜಿಲ್ಲೆಯಲ್ಲಿ ಓಡಾಡಿ ಅಧ್ಯಯನ ಮಾಡಿದರು. ಬುಟ್ಟಿ ಹೆಣೆಯುವ ಮೇದಾರರಿಗೆ ಸಿಗದ ದರದಲ್ಲಿ ಬಿದಿರು ಮಿಲ್ಲಿಗೆ ಸಿಗುತ್ತಿತ್ತು ಎಂಬುದನ್ನು ಎತ್ತಿ ತೋರಿಸಿದವರು ಅವರು. ಹಾಳೆ ವ್ಯರ್ಥ ಮಾಡುವ ಮಗುವಿಗೆ ನಾನು ಈ ಕಥೆ ಹೇಳುತ್ತೇನೆ. ಪರಿಣಾಮ ಎರಡು ದಿನ ಇರುತ್ತದೆ.

ದೋಣಿ, ಕಪ್ಪೆ, ರಾಕೆಟ್ಟು, ಅರವಿಂದ ಗುಪ್ತಾ ಅವರ ಪುಸ್ತಕಗಳಿಂದ ಕಲಿತ ಟೊಪ್ಪಿಗೆಗಳು, ಕಡೆಗೆ ಜಪಾನಿನ ಕೊಕ್ಕರೆ: ಇಷ್ಟು ಬಂದರೆ ಊರಿನಲ್ಲಿ ಕಾಗದದ ಮೇಷ್ಟ್ರು ಅನ್ನಿಸಿಕೊಳ್ಳಬಹುದು. ಹಾಗೇ ಅನ್ನಿಸಿಕೊಂಡು ನಾನು ಸುಖವಾಗಿದ್ದೆ. ಯಾರೋ ಬರೆದಿಟ್ಟ ಚಿತ್ರ ನೋಡಿ, ಒಂದನೆಯ ಹೆಜ್ಜೆ, ಎರಡನೆಯ ಹೆಜ್ಜೆ ಎಂದು ಮಡಿಸುತ್ತ ಹೋದರೆ ಹಕ್ಕಿ ಬಂದೇ ಬರುತ್ತದೆ. ಆ ಸುಖ ಕೆಡಿಸಿದ್ದು ಎಂಟನೆಯ ತರಗತಿಯ ಒಬ್ಬ ಹುಡುಗಿ. ಕೊಕ್ಕರೆಯ ಬೆನ್ನ ಮೇಲೆ, ಎರಡು ರೆಕ್ಕೆಗಳ ನಡುವೆ ಏಳುವ ದಿಬ್ಬದ ಮೇಲೆ ಬೆರಳಿಟ್ಟು ಕೇಳಿದಳು: "ಸರ್, ಕೊಕ್ಕರೆಗೆ ಗೂನು ಇರೂದಿಲ್ಲ ಅಲ್ವಾ? ಇದು ಯಾಕೆ ಬರ್ತದೆ?"

ಹಾಗೆ ಮಡಿಸಿದರೆ ಹಾಗೆ ಬರುತ್ತದೆ ಎನ್ನುವುದು ಉತ್ತರವಲ್ಲ. ಉತ್ತರ ಹಾಳೆಯನ್ನು ಬಿಚ್ಚಿ ಹರಡಿದಾಗ ಸಿಕ್ಕಿತು.

ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಚೌಕ ಮಾಡಲು ಒಂದು ಮೂಲೆಯನ್ನು ಎದುರು ಬದಿಗೆ ಮಡಿಸಿ, ಮಿಕ್ಕ ಪಟ್ಟಿಯನ್ನು ಹರಿದು ಎಸೆಯುತ್ತೇವೆ. ಈ ಪಟ್ಟಿಯ ಅಗಲ 87 ಮಿ.ಮೀ. ಈಗ ಚೌಕದ ಒಂದು ಮೂಲೆಯಿಂದ ಕರ್ಣ ಎಳೆದು, ಆ ಕರ್ಣಕ್ಕೂ ಪಕ್ಕದ ಬದಿಗೂ ನಡುವಿನ 45 ಡಿಗ್ರಿಯನ್ನು ಮತ್ತೆ ಎರಡು ಮಾಡಿ ಮಡಿಸಿ. ಗಾಳಿಪಟದ ಆಕಾರ ಬರುತ್ತದಲ್ಲ, ಅದೇ ಮಡಿಕೆ. ಆ 22.5 ಡಿಗ್ರಿಯ ಗೆರೆ ಹೋಗಿ ಎದುರು ಬದಿಯನ್ನು ಮುಟ್ಟುವ ಜಾಗ ಅಳೆಯಿರಿ: ಮೂಲೆಯಿಂದ ಸರಿಯಾಗಿ 87 ಮಿ.ಮೀ. ಎಸೆಯಲು ಹೊರಟ ಪಟ್ಟಿಯನ್ನು ಪಕ್ಕದಲ್ಲಿಟ್ಟರೆ ಸ್ಕೇಲೇ ಬೇಕಿಲ್ಲ. ಎರಡರಲ್ಲೂ ಅಡಗಿರುವುದು ಒಂದೇ ಸಂಖ್ಯೆ, ಎರಡರ ವರ್ಗಮೂಲದಲ್ಲಿ ಒಂದು ಕಳೆದರೆ ಉಳಿಯುವ 0.414.

ಇನ್ನು ಗೂನು. ಕೊಕ್ಕರೆಯ ಕೊಕ್ಕು, ಬಾಲ, ಎರಡು ರೆಕ್ಕೆ, ಇವು ನಾಲ್ಕೂ ಚೌಕದ ನಾಲ್ಕು ಮೂಲೆಗಳು. ಪಕ್ಕಪಕ್ಕದ ಮೂಲೆಗಳ ನಡುವೆ 21 ಸೆಂ.ಮೀ. ಇದೆ. ಮಡಿಸಿದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹಕ್ಕಿಯ ಮೈಮೇಲೆ ನಡೆದು ಹೋಗುವ ದಾರಿ, ಬಿಚ್ಚಿದ ಹಾಳೆಯ ಮೇಲೆ ಆ ಎರಡು ಬಿಂದುಗಳ ನಡುವೆ ಇದ್ದ ದೂರಕ್ಕಿಂತ ಹೆಚ್ಚಾಗುವಂತಿಲ್ಲ, ಕಾಗದ ಹಿಗ್ಗುವುದಿಲ್ಲ. ನಾಲ್ಕೂ ತುದಿ ಸಮ ಇರಬೇಕೆಂದರೆ ಒಂದೊಂದಕ್ಕೆ ಸಿಗುವುದು 10.5 ಸೆಂ.ಮೀ. ಆದರೆ ಮೂಲೆಯಿಂದ ಹಾಳೆಯ ನಟ್ಟನಡುವಿಗೆ 14.85 ಸೆಂ.ಮೀ. ಇದೆ. ರೆಕ್ಕೆ ತನ್ನ ಪಾಲು ತೆಗೆದುಕೊಂಡ ಮೇಲೆ 4.35 ಸೆಂ.ಮೀ. ಉಳಿಯಿತು. ಅದು ಎಲ್ಲಿಗೆ ಹೋಗಬೇಕು? ಬೆನ್ನ ಮೇಲೆ ಎದ್ದಿತು. ಮತ್ತೆ ಆ ಪಟ್ಟಿಯನ್ನೇ ಉದ್ದಕ್ಕೆ ಎರಡಾಗಿ ಮಡಿಸಿ ಕೊಕ್ಕರೆಯ ಪಕ್ಕ ಹಿಡಿಯಿರಿ. ಉಬ್ಬಿಸದೆ ಚಪ್ಪಟೆಯಾಗಿ ಬಿಟ್ಟ ಗೂನಿನ ಎತ್ತರ ಸರಿಯಾಗಿ ಅಷ್ಟೇ.

ಹುಡುಗಿಗೆ ಇದನ್ನು ತೋರಿಸಿದಾಗ ಅವಳಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. "ಹಾಗಾದರೆ ಗೂನಿಲ್ಲದ್ದು ಮಾಡೂಕೆ ಆಗ್ತದಾ?" ಎಂದಳು. ಆಶ್ಚರ್ಯಪಟ್ಟವನು ನಾನು. ಯಾರೋ ಹಾಕಿಕೊಟ್ಟ ಹೆಜ್ಜೆ ಬಿಟ್ಟು ನಮ್ಮದೇ ಹಕ್ಕಿ ಕಟ್ಟುವ ದಾರಿ ಇದೇ ಪ್ರಶ್ನೆಯ ಹಿಂದೆ ಇತ್ತು.

ಈ ದಾರಿಯಲ್ಲಿ ನಮ್ಮವರೇ ಒಬ್ಬರು ಬಹಳ ಹಿಂದೆ ನಡೆದಿದ್ದಾರೆ. ಮದ್ರಾಸ್ ಪ್ರಾಂತದ ಸರ್ಕಾರಿ ನೌಕರಿಯಲ್ಲಿದ್ದ ಟಿ. ಸುಂದರ ರಾವ್ 1893ರಲ್ಲಿ ಕಾಗದ ಮಡಿಸಿ ರೇಖಾಗಣಿತ ಮಾಡುವ ಇಂಗ್ಲಿಷ್ ಪುಸ್ತಕವೊಂದನ್ನು ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಕಿಂಡರ್‌ಗಾರ್ಟನ್ ಮಕ್ಕಳಿಗೆ ಕೊಡುತ್ತಿದ್ದ ಮಡಿಸುವ ಕಾಗದ ಅವರಿಗೆ ಇದನ್ನು ಹೊಳೆಸಿತಂತೆ. ಕೈವಾರ ಮುಟ್ಟದೆ ಪಂಚಭುಜ, ಷಡ್ಭುಜ, ಶ್ರೇಢಿಗಳ ಮೊತ್ತ, ಶಂಕುಚ್ಛೇದಗಳವರೆಗೆ ಬರಿಯ ಮಡಿಕೆಯಿಂದ ಹೋಗುವ ಪುಸ್ತಕ ಅದು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಬರಹದಲ್ಲಿ ಅದನ್ನು ಹೆಸರಿಸಿದರು. ಹಾಗಾಗಿ 1901ರಲ್ಲಿ ಶಿಕಾಗೊದಿಂದಲೂ ಹೊರಬಂತು. ಕೋನವನ್ನು ಮೂರು ಸಮಭಾಗ ಮಾಡುವುದನ್ನು ರಾಯರು ಅಂದಾಜಿಗೆ ಮಾತ್ರ ತೋರಿಸಿದರು, ಘನಮೂಲವಂತೂ ಮಡಿಕೆಗೆ ದಕ್ಕದು ಎಂಬ ಭಾವನೆ ಅವರದು. 1936ರಲ್ಲಿ ಇಟಲಿಯ ಮಾರ್ಗರೀಟಾ ಬೆಲೋಕ್ ಎಂಬಾಕೆ ಒಂದೇ ಮಡಿಕೆಯಲ್ಲಿ ಎರಡು ಬಿಂದುಗಳನ್ನು ಎರಡು ಗೆರೆಗಳ ಮೇಲೆ ಕೂರಿಸಿ ಘನ ಸಮೀಕರಣವನ್ನೇ ಬಿಡಿಸಿ ತೋರಿಸಿದರು. ಸ್ಕೇಲು, ಕೈವಾರ ಹಿಡಿದು ಯೂಕ್ಲಿಡ್‌ನ ದಾರಿಯಲ್ಲಿ ಹೊರಟವರಿಗೆ ಅಸಾಧ್ಯವಾದದ್ದು ಕಾಗದಕ್ಕೆ ಸಾಧ್ಯ. ಇಂಥದ್ದೊಂದು ಸಂಗತಿ ಪಠ್ಯಪುಸ್ತಕದಲ್ಲಿ ಅರ್ಧ ಪುಟ ಪಡೆಯಬೇಕಿತ್ತು ಎಂಬುದು ನನ್ನ ಹಟ.

ಜಪಾನಿನ ಅಕಿರಾ ಯೋಶಿಝಾವಾ ಕೂಡ ಮೊದಲು ಕಾರ್ಖಾನೆಯ ನೌಕರ. ಕಿರಿಯ ನೌಕರರಿಗೆ ರೇಖಾಗಣಿತ ಹೇಳಿಕೊಡಲು ಕಾಗದ ಮಡಿಸುತ್ತಿದ್ದವರು, ಕೊನೆಗೆ ನೌಕರಿ ಬಿಟ್ಟು ಮಡಿಸುವುದನ್ನೇ ಹಿಡಿದರು. ಕಾಗದವನ್ನು ತುಸು ಒದ್ದೆ ಮಾಡಿ ಮಡಿಸುವ ಪದ್ಧತಿಯೂ ಅವರದೇ. ಒದ್ದೆ ಮಾಡುವ ಖರ್ಚು ನಮ್ಮ ಊರಿನಲ್ಲಿ ಇಲ್ಲ. ಒಣಗಿಸುವ ಉಪಾಯ ಅವರು ಹೇಳಿದ್ದರೆ ಉಪಕಾರವಾಗುತ್ತಿತ್ತು.

ಕೋನದ ವಿಷಯದಲ್ಲಿ ನನಗೆ ನಿಜವಾದ ಪಾಠ ಹೇಳಿದ್ದು ಪಕ್ಕದ ಮನೆಯ ಕಾಕಾ. ಗ್ಯಾಂಗ್‌ಮನ್ ಆಗಿ ಸೇರಿ, ಘಾಟಿನ ಹಳಿ ಕಾಯುತ್ತಲೇ ನಿವೃತ್ತರಾದವರು. ನನ್ನ ಕೈಯಲ್ಲಿ ಕೋನಮಾಪಕ ಕಂಡು, "ಮಾಸ್ತರ, ಡಿಗ್ರಿ ತಗೊಂಡು ಏನ್ ಮಾಡ್ತೀರಿ? ಎಷ್ಟಕ್ಕ ಎಷ್ಟು ಅದ ಅನ್ನೂದು ಹೇಳ್ರಿ ಸಾಕು" ಎಂದರು. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಬ್ರಗಾಂಜಾ ಘಾಟಿನ ಇಳಿಜಾರು ಒಂದಕ್ಕೆ ಮೂವತ್ತೇಳು. 37 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿತ. 1880ರ ದಶಕದಲ್ಲಿ ಹಳಿ ಹಾಕಿದವರೂ ಇಳಿಜಾರನ್ನು ಹೀಗೇ ಲೆಕ್ಕ ಹಿಡಿದದ್ದು, ಗೋವೆ ಪೋರ್ಚುಗೀಸರ ಕೈಯಲ್ಲಿದ್ದಾಗ ಗಡಿಯ ಈಚೆ ನಿಂತು ಅಲ್ಲಿಯ ಗಂಟು ಮೂಟೆ ತಪಾಸಣೆ ಮಾಡಿದವರ ಕಾಲದಲ್ಲೂ ಹೀಗೇ, ಇಂದಿಗೂ ಹೀಗೇ. ರೈಲಿನವರಿಗೆ ಕೋನವೆಂದರೆ ಪ್ರಮಾಣ.

ಆ ಸಂಜೆ ಎ4 ಹಾಳೆಯ ಉದ್ದ ಬದಿಯ ಮೇಲೆ ಈ ಏರನ್ನು ಬರೆದು ನೋಡಿದೆ. 297ನ್ನು 37ರಿಂದ ಭಾಗಿಸಿದರೆ 8 ಮಿ.ಮೀ. ಹಾಳೆಯ ಈ ತುದಿಯಿಂದ ಆ ತುದಿಗೆ ಕಿರುಬೆರಳಿನ ಉಗುರಿನಷ್ಟು ಏರು. ಕಣ್ಣಿಗೆ ಇದು ಏರೆಂದೇ ಕಾಣುವುದಿಲ್ಲ. ಆದರೆ ಮುರ್ಮುಗಾವ್ ಬಂದರಿನಿಂದ ಕಲ್ಲಿದ್ದಲು ಹೊತ್ತು ಬರುವ ಗೂಡ್ಸ್ ಗಾಡಿಗೆ ಇದೇ ಏರು ಹತ್ತಲು ಹಿಂದಿನಿಂದ ಬ್ಯಾಂಕರ್ ಇಂಜಿನ್‌ಗಳು ತಳ್ಳಬೇಕು. ರಾತ್ರಿ ಅವುಗಳ ಏದುಸಿರು ನಮ್ಮ ಕಿಟಕಿಯ ಗಾಜಿಗೆ ತಾಗುತ್ತದೆ. ಡಿಗ್ರಿಯಲ್ಲಿ ಹೇಳಿದರೆ ಒಂದೂವರೆ. 22.5 ಡಿಗ್ರಿಯ ಮಡಿಕೆಯಲ್ಲಿ ಈ ಒಂದೂವರೆ ಡಿಗ್ರಿ ತಪ್ಪಿದರೆ, 21 ಸೆಂ.ಮೀ. ಚೌಕದ ಆಚೆ ಬದಿಯಲ್ಲಿ ಗೆರೆ 6 ಮಿ.ಮೀ.ಗೂ ಹೆಚ್ಚು ಜರುಗಿರುತ್ತದೆ. ಮುಂದಿನ ಮಡಿಕೆ ಅದರ ಮೇಲೆ, ಅದರ ಮುಂದಿನದು ಇದರ ಮೇಲೆ. ಕೊಕ್ಕಿನ ಹತ್ತಿರ ಬರುವಷ್ಟರಲ್ಲಿ ಹಕ್ಕಿ ಹಳಿ ತಪ್ಪಿರುತ್ತದೆ. ಅಂದಿನಿಂದ ಕೋನಮಾಪಕ ಕಪಾಟಿನಲ್ಲಿದೆ. ಮೂಲೆಗೆ ಮೂಲೆ, ಬದಿಗೆ ಬದಿ ಕೂಡಿಸಿ ಸಿಗುವ ಪ್ರಮಾಣಗಳಷ್ಟೇ ನಮ್ಮ ಉಪಕರಣ.

ಸ್ವಂತ ಹಕ್ಕಿ ಯಾವುದು ಎಂಬುದಕ್ಕೆ ಚರ್ಚೆ ಆಗಲಿಲ್ಲ. ಜೋಯಿಡಾ, ದಾಂಡೇಲಿಯ ಕಡೆಯವರಿಗೆ ಹಕ್ಕಿಯೆಂದರೆ ಮಂಗಟ್ಟೆ. 2011ರಲ್ಲಿ ದಾಂಡೇಲಿ ಸೀಮೆಯ ಕಾಡಿನ ಒಂದು ಭಾಗವನ್ನು ಅದರ ಹೆಸರಿನಲ್ಲೇ ಸಂರಕ್ಷಿತವೆಂದು ಘೋಷಿಸಿದ್ದಾರೆ. ಮಂಗಟ್ಟೆಯ ಲಕ್ಷಣವೆಲ್ಲ ತಲೆಯಲ್ಲಿದೆ: ಬಾಗಿದ ದೊಡ್ಡ ಕೊಕ್ಕು, ಅದರ ಮೇಲೊಂದು ಕೊಂಬು. ಕೊಂಬಿಲ್ಲದ ಮಂಗಟ್ಟೆ ಮಾಡಿದರೆ ಜನ ಕಾಗೆ ಅನ್ನುತ್ತಾರೆ.

ಇಲ್ಲಿ ರಾಬರ್ಟ್ ಲ್ಯಾಂಗ್ ಎಂಬ ಅಮೆರಿಕದ ಭೌತವಿಜ್ಞಾನಿಯನ್ನು ನೆನೆಯಬೇಕು. ಲೇಸರ್ ಕಿರಣಗಳ ಸಂಶೋಧನೆ ಬಿಟ್ಟು 2001ರಲ್ಲಿ ಕಾಗದವನ್ನೇ ಕಸುಬು ಮಾಡಿಕೊಂಡವರು. 1990ರ ದಶಕದ ಮೊದಲಲ್ಲಿ ಅವರೂ ಜಪಾನಿನ ತೊಶಿಯುಕಿ ಮೆಗುರೊ ಅವರೂ ಬೇರೆಬೇರೆಯಾಗಿ ಒಂದೇ ಉಪಾಯಕ್ಕೆ ಬಂದರು. ಬೇಕಾದ ಪ್ರತಿ ತುದಿಗೂ, ಅದು ಕೊಕ್ಕಾಗಲಿ ಕಾಲಾಗಲಿ, ಅದರ ಉದ್ದದಷ್ಟೇ ತ್ರಿಜ್ಯದ ಒಂದು ವೃತ್ತ ಇಟ್ಟುಕೊಳ್ಳಿ. ವೃತ್ತಗಳ ಕೇಂದ್ರಗಳೆಲ್ಲ ಹಾಳೆಯ ಒಳಗೆ ಇರಬೇಕು, ಒಂದರ ಮೇಲೊಂದು ಏರಬಾರದು. ಹೀಗೆ ಹೊಂದಿಸಿದರೆ ಆ ತುದಿಗಳು ಬರುವ ಮಡಿಕೆ ಇದ್ದೇ ಇದೆ. ಲ್ಯಾಂಗ್ ಇದಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ನಾವು ಸ್ಟೀಲ್ ಡಬ್ಬಿಯ ಮುಚ್ಚಳಗಳನ್ನು ತಂದೆವು.

ಮುಚ್ಚಳ ಜೋಡಿಸಲು ಕುಳಿತ ಮೇಲೆ ಹಾಳೆಯ ಅರ್ಥಶಾಸ್ತ್ರ ತಿಳಿಯಿತು. ಕೇಂದ್ರ ಮೂಲೆಯಲ್ಲಿದ್ದರೆ ಮುಚ್ಚಳದ ಮುಕ್ಕಾಲು ಪಾಲು ಹಾಳೆಯ ಹೊರಗೆ ಚಾಚುತ್ತದೆ; ಹಾಳೆ ಕೊಡುವುದು ಕಾಲು ವೃತ್ತದಷ್ಟು ಜಾಗ ಮಾತ್ರ. ಅಂಚಿನಲ್ಲಿಟ್ಟರೆ ಅರ್ಧ. ನಡುವಿನಲ್ಲಿಟ್ಟರೆ ಇಡೀ ವೃತ್ತ ತೆರಬೇಕು. ಹುಬ್ಬಳ್ಳಿಯಲ್ಲಿ ಮೂಲೆಯ ಸೈಟಿಗೆ ಹೆಚ್ಚು ಬೆಲೆ, ಇಲ್ಲಿ ಅದೇ ಅಗ್ಗ. ಹಾಗಾಗಿ ಉದ್ದನೆಯ ಅಂಗಗಳೆಲ್ಲ ಮೂಲೆಗೆ ಹೋಗುತ್ತವೆ, ಪಾಪದ ಗಿಡ್ಡ ಅಂಗಗಳು ನಡುವಿಗೆ. ಕೊಕ್ಕರೆಯ ಗೂನು ನಡುವಿನ ಸೈಟು.

ಕುಳಿತ ಮಂಗಟ್ಟೆ ಮಾಡಿದರೆ ಎರಡು ಕಾಲಿಗೆ ಇನ್ನೆರಡು ವೃತ್ತ ಬೇಕು, ರೆಕ್ಕೆ ಗಿಡ್ಡವಾಗುತ್ತದೆ. ಹಾರುವ ಮಂಗಟ್ಟೆಗೆ ಕಾಲು ಕಾಣಬೇಕಿಲ್ಲ. ಹಾರುವುದನ್ನೇ ಆರಿಸಿದೆವು. ನಾಲ್ಕು ಮೂಲೆಯಲ್ಲಿ ತಲೆ, ಬಾಲ, ಎರಡು ರೆಕ್ಕೆ ಸರಿಹೋದವು. ಉಳಿದದ್ದು ಕೊಂಬು. ಅದು ಕೊಕ್ಕಿನ ಬುಡದಲ್ಲೇ ಹುಟ್ಟಬೇಕು, ಅಂದರೆ ಒಂದೇ ಮೂಲೆಯಿಂದ ಎರಡು ಮೂರು ತುದಿ ಬೇಕು. ಒಂದು ಮೂಲೆ ಕೊಡುವುದು ಒಂದೇ ತುದಿ. ಮಳೆಯ ದಿನಗಳೆಲ್ಲ ಇದರಲ್ಲೇ ಕಳೆದವು.

ದಾರಿ ಸಿಕ್ಕಿದ್ದು ಚೌಕದೊಳಗೆ ಚೌಕ ಇಟ್ಟಾಗ. 21 ಸೆಂ.ಮೀ. ಹಾಳೆಯಲ್ಲಿ ತಲೆಯ ಮೂಲೆಗೆ ಸೇರುವ ಎರಡು ಬದಿಗಳಿಗೆ 3 ಸೆಂ.ಮೀ. ಪಟ್ಟಿ ಬಿಟ್ಟು, ಉಳಿದ 18 ಸೆಂ.ಮೀ. ಚೌಕದಲ್ಲಿ ಕೊಕ್ಕರೆಯ ಹಳೆಯ ಲೆಕ್ಕವನ್ನೇ ಹಾಕಿದೆವು. ರೆಕ್ಕೆಗಳಿಗೆ, ಬಾಲಕ್ಕೆ, ಕತ್ತಿಗೆ 9 ಸೆಂ.ಮೀ. ಸಿಕ್ಕಿತು. ಎರಡು ಪಟ್ಟಿಗಳು ಕೂಡುವ ಮೂಲೆಯಲ್ಲಿ 3 ಸೆಂ.ಮೀ. ಬದಿಯ ಒಂದು ಪುಟ್ಟ ಚೌಕ ಉಳಿಯುತ್ತದೆ. ಅದರ ಒಂದು ಮೂಲೆ ಕತ್ತಿನ ಕಡೆಗೆ. ಉಳಿದ ಮೂರು ಮೂಲೆಗಳು ಒಂದೂವರೆ ಸೆಂಟಿಮೀಟರಿನ ಮೂರು ತುದಿ. ಮೇಲಿನ ಕೊಕ್ಕು, ಕೆಳಗಿನ ಕೊಕ್ಕು, ಕೊಂಬು. ಕೊಂಬಿಗಾಗಿ ಹಾಳೆ ತೆತ್ತದ್ದು 3 ಸೆಂ.ಮೀ.; ಅದಕ್ಕೆ ಪ್ರತಿಯಾಗಿ ಪ್ರತಿ ರೆಕ್ಕೆ ಒಂದೂವರೆ ಸೆಂಟಿಮೀಟರ್ ಬಿಟ್ಟುಕೊಟ್ಟಿತು. ಬೇರೆ ಹಕ್ಕಿಯಾಗಿದ್ದರೆ ದುಬಾರಿ ಅನ್ನುತ್ತಿದ್ದೆ.

ಗೆರೆಗಳ ನಕ್ಷೆ ಬರೆದ ಮೇಲೆ ಮಡಿಸುವ ಮೊದಲೇ ಪರೀಕ್ಷೆ ಮಾಡುವ ಎರಡು ನಿಯಮಗಳಿವೆ. ಎರಡೂ ಜಪಾನಿನವರ ಹೆಸರಿನವು. ಹಾಳೆ ಚಪ್ಪಟೆಯಾಗಿ ಮಡಿಯಬೇಕಿದ್ದರೆ, ಒಳಗಿನ ಯಾವುದೇ ಬಿಂದುವಿನಲ್ಲಿ ಕೂಡುವ ಉಬ್ಬು ಮಡಿಕೆಗಳಿಗೂ ತಗ್ಗು ಮಡಿಕೆಗಳಿಗೂ ವ್ಯತ್ಯಾಸ ಎರಡೇ ಇರಬೇಕು. ಇದು ಮಾಯೆಕಾವಾ ಹೇಳಿದ್ದು. ಅದೇ ಬಿಂದುವಿನ ಸುತ್ತಲ ಕೋನಗಳಲ್ಲಿ ಒಂದು ಬಿಟ್ಟು ಒಂದನ್ನು ಕೂಡಿಸಿದರೆ 180 ಡಿಗ್ರಿ ಬರಬೇಕು; ಇದು ಕವಾಸಾಕಿ. ಪಠ್ಯದ ಲೆಕ್ಕ ಕಂಡರೆ ಹಿಂದಿನ ಬೆಂಚು ಸೇರುವ ಹುಡುಗರು ಹಾಳೆಯ ಮೇಲೆ ಬಗ್ಗಿ, "ಇಲ್ಲಿ ಐದು ಉಬ್ಬು, ಮೂರು ತಗ್ಗು, ಪಾಸು" ಎಂದು ಪೆನ್ಸಿಲ್‌ನಿಂದ ಟಿಕ್ ಹಾಕುತ್ತಾರೆ. ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಇದು ಗಣಿತ ಎಂದು ಹೇಳಿದರೆ ಎದ್ದು ಹೋದಾರು.

ಮಡಿಸಿ ಮುಗಿಸಿದ ಮೊದಲ ಮಂಗಟ್ಟೆಯನ್ನು ಕಾಕಾ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಮಾಸ್ತರ, ಇದಕ್ಕ ಕಾಲ ಎಲ್ಲಿ?"

"ಹಾರೂ ಮುಂದ ಕಾಲು ಒಳಗ ಎಳಕೊಂಡಿರತಾವ, ಕಾಕಾ."

"ಹಂಗಾರ ಇಳಿಯೂದು ಹ್ಯಾಂಗ?"

ಇದಕ್ಕೆ ಲ್ಯಾಂಗ್ ಅವರ ಬಳಿಯೂ ಉತ್ತರ ಇರಲಾರದು.

ಬಣ್ಣದ ವಿಷಯದಲ್ಲಿ ಪಟ್ಟಿಗಳು ಒಂದು ಲಾಭ ಕೊಟ್ಟವು. ಒಂದು ಬದಿ ಕಪ್ಪು, ಒಂದು ಬದಿ ಬಿಳಿ ಇರುವ ಕಾಗದವಾದರೆ ಪಟ್ಟಿಯ ಮಿಕ್ಕ ಉದ್ದವನ್ನು ರೆಕ್ಕೆಯ ಮೇಲೆ ಮಗುಚಬಹುದು. ಕಪ್ಪು ರೆಕ್ಕೆಗೆ ಬಿಳಿ ಅಂಚು ಬರುತ್ತದೆ. ಮಂಗಟ್ಟೆಯ ರೆಕ್ಕೆಗೆ ಬಿಳಿ ಇರುವುದೇನೋ ಹೌದು, ಆದರೆ ಮುಂಭಾಗದ ಅಂಚಿನಲ್ಲಲ್ಲ. ನಮ್ಮ ಪಟ್ಟಿ ಇರುವುದು ಮುಂಭಾಗದಲ್ಲೇ. ಹಕ್ಕಿ ನೋಡುವ ಹವ್ಯಾಸದವರು ಮೂಗು ಮುರಿದರು. ಬಿಳಿಯನ್ನು ಹಿಂದಕ್ಕೆ ಒಯ್ಯಲು ಬಾಲದ ಕಡೆಯಿಂದಲೂ ಪಟ್ಟಿ ಬಿಡಬೇಕು, ಆಗ ರೆಕ್ಕೆ ಇನ್ನೂ ಗಿಡ್ಡ. ಉದ್ದ ರೆಕ್ಕೆಯೋ ಸರಿಯಾದ ಬಿಳಿಯೋ ಎಂದರೆ ನಾನು ರೆಕ್ಕೆಯ ಪರ. ಹುಡುಗಿ ಬಿಳಿಯ ಪರ. ಅವಳು ಬೇರೆ ನಕ್ಷೆ ಬರೆಯುತ್ತಿದ್ದಾಳೆ, ನನಗೆ ತೋರಿಸುತ್ತಿಲ್ಲ. ಬೆನ್ನಿನ ಗೂನನ್ನು ಒಳಕ್ಕೆ ಒತ್ತಿ ಮುಚ್ಚುವುದನ್ನು ಅವಳು ನನಗಿಂತ ನೀಟಾಗಿ ಮಾಡುತ್ತಾಳೆ, ಇದನ್ನು ಒಪ್ಪಿಕೊಳ್ಳಲೇಬೇಕು.

ಈಗ ಇರುವ ತೊಡಕು ಕಾಗದದ್ದು. ಕೊಂಬಿನ ಹತ್ತಿರ ಪದರದ ಮೇಲೆ ಪದರ ಬಿದ್ದು ಜೆರಾಕ್ಸ್ ಹಾಳೆ ದಪ್ಪವಾಗಿ ಬಿರುಕು ಬಿಡುತ್ತದೆ. ಗಾಳಿಪಟದ ಕಾಗದದಷ್ಟು ತೆಳ್ಳಗಿರಬೇಕು, ಒಂದು ಬದಿ ಕಪ್ಪು ಇರಬೇಕು, ನಮ್ಮ ಮಳೆಗೂ ತಡೆಯಬೇಕು. ಇಲ್ಲಿಯ ಅಂಗಡಿಗಳಲ್ಲಿ ಅಂಥದ್ದು ಸಿಗುವುದಿಲ್ಲ. ಬೆಳಗಾವಿ, ಹುಬ್ಬಳ್ಳಿಯ ಕಡೆಯಿಂದ ದೂಧಸಾಗರ ನೋಡಲು ರೈಲಿನಲ್ಲಿ ಬರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಪೇಟೆಯಲ್ಲಿ ಒಂದು ಮಾತು ವಿಚಾರಿಸಿ, ಸಿಕ್ಕರೆ ಹತ್ತು ಹಾಳೆ ತನ್ನಿ. ಸುರುಳಿ ಸುತ್ತಿ ತನ್ನಿ, ಮಡಿಸಿ ತರಬೇಡಿ. ಹಣ ಸ್ಟೇಷನ್ನಿನಲ್ಲೇ ಕೊಡುತ್ತೇನೆ.